ಅಡಿಟಿಪ್ಪಣಿ ಮೂವತ್ತೊಂದು

ಕುಂಬಳೆ ಸ್ಟೇಷನ್ನಿನೆದುರು ನನ್ನ ಮೆಡಿಕಲ್ ಶಾಪು.
ಮಧ್ಯಾಹ್ನ ಮೂರು, ಕರೆಂಟಿಲ್ಲ.
ಆರಿಕ್ಕಾಡಿಯ ಕುಂಞಾಯಿಶಾರ ಮಗ
ಎರಡು ಚೀಟಿ ಹಿಡಿದು ನಿಂತ.
ಮಂಗಳೂರಿನದೊಂದು, ಎದೆಯ ತಾಳ ತಪ್ಪದಿರಲಿಕ್ಕೆ;
ಕಾಸರಗೋಡಿನದೊಂದು, ಕೆಮ್ಮಿಗೆ, ಐದು ದಿವಸಕ್ಕೆ.
ಎರಡು ರಾಜ್ಯದ ಚೀಟಿ.
ಒಂದರ ಸುದ್ದಿ ಇನ್ನೊಂದಕ್ಕಿಲ್ಲ.

ಏನೋ ಅನುಮಾನ. ಕೈಪಿಡಿ ಬಿಡಿಸಿದೆ.
ಇರುವೆ ಸಾಲಿನಂಥ ಅಕ್ಷರ:
ಇವೆರಡನ್ನು ಕೂಡಿಸಿ ಕೊಡಕೂಡದು.
ಯಾಕೆಂದು ಕೇಳುವವರಿಗೆ ಪುಟದ ತಳದಲ್ಲಿ,
ಕನ್ನಡಕ ಹಣೆಗೇರಿಸಿ ಮೂಗು ತಾಗಿಸಿ ಓದುವಲ್ಲಿ,
ಮೂವತ್ತೊಂದು: ಗಟ್ಟಿ ವಿ., ಮತ್ತಿತರರು.

ವಾರಿಜಾಕ್ಷಿ!
ನಮ್ಮ ಒಂಬತ್ತನೆಯ ಬಿ, ಕನ್ನಡ ಮೀಡಿಯಂ,
ಕಿಟಕಿ ಬದಿಯ ಬೆಂಚು.

ಅಂದುಂಞಿ ಮಾಸ್ತರರು ಆ ದಿನ
ಬ್ಯಾಟರಿ ನೀರಿಗೆ ಉಪ್ಪು ಕದಡಿ
ಕಪ್ಪೆಯ ಹೃದಯ ಇಟ್ಟಿದ್ದರು, ಹುಣಸೆಬೀಜದಷ್ಟು.
ಬಡಿಯಿತು. ನಿಧಾನವಾಯಿತು. ನಿಂತಿತು.
ಪಾಠ ಮುಗಿಯಿತೆಂದು ನಾವು ಪುಸ್ತಕ ಮುಚ್ಚಿದೆವು.
ಮಾಸ್ತರರು ಪ್ಯೂನ್ ಐತಪ್ಪಣ್ಣನ
ಎಲೆಸಂಚಿಯಿಂದ ಸುಣ್ಣದ ಡಬ್ಬಿ ತರಿಸಿದರು.
ಮೊಗ್ರಾಲ್ ಹೊಳೆಯ ಚಿಪ್ಪು ಸುಟ್ಟ ಸುಣ್ಣ.
ಕಲಸಿ, ತಿಳಿ ನಿಲ್ಲಿಸಿ, ಒಂದು ಹನಿ.
ಮತ್ತೆ ಬಡಿಯಿತು!
ನಾವೆಲ್ಲ ಚಪ್ಪಾಳೆ. ಅವಳೊಬ್ಬಳು ತಟ್ಟಲಿಲ್ಲ.
ಸುಣ್ಣ ಒಳಗೆ ಹೋದ ಬಾಗಿಲು ಎಲ್ಲುಂಟು, ಮಾಸ್ತ್ರೇ?
ಗೊತ್ತಿಲ್ಲ, ಅಂದರು. ಹಾಗೆನ್ನಲು ಅವರಿಗೆ ನಾಚಿಕೆಯಾಗಲಿಲ್ಲ.

ಆ ಬಾಗಿಲೆದುರು ಇಪ್ಪತ್ತೆರಡು ವರ್ಷ ಕೂತಳು.
ಜೀವಕೋಶವೊಂದು ನೆರೆಯದರ ಗೋಡೆ ತಟ್ಟಿ
ಈಗ, ಈಗ, ಅನ್ನುವುದು ಹೇಗೆ;
ತೆರೆದದ್ದು ಮುಚ್ಚಲು ರೆಪ್ಪೆಬಡಿತದ ಕಾಲು ಪಾಲು
ತಡವಾದರೆ ಏನಾದೀತು;
ಯಾವ ಮಾತ್ರೆ ಯಾವ ಅಗುಳಿಯಲ್ಲಿ ಸಿಕ್ಕಿಬೀಳುತ್ತದೆ.

ಬಾಗಿಲು ಮುಚ್ಚುವುದು ನನಗೂ ಸ್ವಲ್ಪ ಗೊತ್ತು.
ತಲಪಾಡಿಯ ರಸ್ತೆಗೆ ಅಡ್ಡ ಬಿದ್ದ ವರ್ಷ
ನನ್ನ ಪಾಲುದಾರ ಕೊರಗಪ್ಪಣ್ಣ ಆಂಬುಲೆನ್ಸಿನಲ್ಲಿದ್ದ.
ಅಷ್ಟು ಸಾಕು.

ಹೋದ ವರ್ಷ ಅವಳಿಗೆ ಕಾಸರಗೋಡಿನಲ್ಲಿ ಸನ್ಮಾನ.
ಶಾಲು, ಹಣ್ಣಿನ ಬುಟ್ಟಿ, ತೂಗುವ ಬಿರುದು.
ಸ್ವಾಗತ ಹೇಳಿದವರು
ಸಾವಿರಾರು ಎದೆ ಕೊಯ್ದ ಕೈ, ಅಂದುಬಿಟ್ಟರು.
ಊಟದ ಸಾಲಿನಲ್ಲಿ ಮೂವರು ಬಿ.ಪಿ.ಗೆಂದು ತೋಳು ಚಾಚಿದರು.
ನಿಮ್ಮ ಸಂಶೋಧನೆಯಿಂದ ಏನು ಪರಿಣಾಮ, ಮೇಡಂ?
ಪತ್ರಿಕೆಯ ಹುಡುಗ ಕೇಳಿದ.
ಉಪ್ಪಿನಕಾಯಿ ಬದಿಗೆ ಸರಿಸಿ ಲೆಕ್ಕ ಹೇಳಿದಳು:
ಆ ಪ್ರಬಂಧವನ್ನು ಹನ್ನೊಂದು ಕಡೆ ಉಲ್ಲೇಖಿಸಿದ್ದಾರೆ.
ನಾಲ್ಕು ಕಡೆ ನಾನೇ. ಒಬ್ಬಾತ ತಪ್ಪು ಎಂದು ಬರೆದ.
ಅವನು ಹೇಳಿದ್ದು ಅರ್ಧ ಸರಿ.
ಹುಡುಗ ಪೆನ್ನು ಜೇಬಿಗೆ ಹಾಕಿದ.

ಅವಳಿಗೆ ಗೊತ್ತಿತ್ತೋ ಇಲ್ಲವೋ, ಆ ಹನ್ನೊಂದರಲ್ಲೊಂದು
ಯಾರ್ಯಾರದೋ ಮೇಜು ದಾಟಿ, ಕುಗ್ಗಿ ಕುಗ್ಗಿ,
ಒಂದೂವರೆ ಸಾಲಾಗಿ
ನನ್ನ ಕೌಂಟರಿನ ಮೇಲೆ ಬಂದು ಕೂತದ್ದು.

ಕೆಮ್ಮಿನದ್ದು ಕೊಡುವುದಿಲ್ಲ, ಅಂದೆ.
ಡಾಕ್ಟರಿಗೆ ಫೋನು ಮಾಡು. ಬೇರೆ ಬರೆಸು.
ನೀವೇನು ಡಾಕ್ಟರೋ, ಅಂದ. ಚೀಟಿ ಕಿತ್ತುಕೊಂಡ.
ಆಚೆ ರಸ್ತೆಯಲ್ಲಿ ಇನ್ನೊಂದು ಅಂಗಡಿಯಿದೆ.
ಅತ್ತ ಹೋದನೋ, ನೋಡಲಿಲ್ಲ;
ಪರಶುರಾಮ ಎಕ್ಸ್‌ಪ್ರೆಸ್ಸು ಅಡ್ಡ ಬಂತು.

ರಾತ್ರಿ ಪುಟದ ಫೋಟೋ ತೆಗೆದು ಅವಳಿಗೆ ಕಳಿಸಿದೆ.
ಬಹಳ ಹೊತ್ತು ಉತ್ತರವಿಲ್ಲ. ಆಮೇಲೆ ಒಂದೇ ಪ್ರಶ್ನೆ:
ಆ ಅಮ್ಮ ಹೇಗಿದ್ದಾರೆ?

ಉತ್ತರ ನನ್ನಲ್ಲಿರಲಿಲ್ಲ. ಮೂರು ದಿವಸ ಇರಲಿಲ್ಲ.

ನಾಲ್ಕನೆಯ ಬೆಳಗ್ಗೆ, ಶಟರು ಅರ್ಧ ಎತ್ತಿದ್ದೆ.
ಕೊಡೆಯ ತುದಿ ಮೊದಲು ಕಂಡಿತು, ಆಮೇಲೆ ಕುಂಞಾಯಿಶಾ.
ನಿನ್ನಿಂದಾಗಿ ನನ್ನ ಕೆಮ್ಮು ಇನ್ನೂ ಹೋಗಲಿಲ್ಲ!
ಬೈದರು, ಕೆಮ್ಮಿದರು, ಮತ್ತೆ ಬೈದರು,
ಪ್ಲಾಟ್‌ಫಾರ್ಮಿನವರು ತಿರುಗಿ ನೋಡುವ ಹಾಗೆ,
ಗಟ್ಟಿಯಾಗಿ.