ಗಡ್ಡ ಅಂಟಿಸುವವನ ಲೆಕ್ಕ

ಹೆಸರು ಮಾತಿ. ಅಲ್ ಮಾತಿ ಬೂಹಲಾಲ್, ಮೊರಾಕ್ಕೊದವನು.
ಮೊದಲ ದಿನ ಕೇಳಿ ನಕ್ಕಿದ್ದೆ:
ಮಾತನ್ನೇ ಹೆಸರಾಗಿಟ್ಟುಕೊಂಡವನಿಗೆ
ಈ ಸ್ಟುಡಿಯೋದಲ್ಲಿ ಮಾತೇ ಇಲ್ಲ.
ಬಂದವನೇ ಕನ್ನಡಿಯೆದುರು ಕೂತು ಗದ್ದ ಎತ್ತಿದ,
ಹೆಜಮಾಡಿಯಲ್ಲಿ ನನ್ನಪ್ಪನ ಕತ್ತಿಗೆ
ಊರಿನವರು ಎತ್ತುತ್ತಿದ್ದ ಹಾಗೆ.

ನಾನು ಕುವೈತಿಗೆ ಬಂದದ್ದು ಗಡ್ಡ ಬೋಳಿಸಲಿಕ್ಕೆ.
ಹವಲ್ಲಿಯ ಸಲೂನು ಮುಚ್ಚಿತು. ಕಫೀಲನಿಗೊಬ್ಬ ಭಾವ,
ಭಾವನಿಗೆ ಶುವೈಖಿನ ಗ್ಯಾರೇಜುಗಳ ಸಾಲಿನಲ್ಲೊಂದು ಸ್ಟುಡಿಯೋ.
ಅಂದಿನಿಂದ ಅಂಟಿಸುತ್ತಿದ್ದೇನೆ.
ಮೂವತ್ತು ವರ್ಷ. ಒಂದು ನೋಟ್‌ಬುಕ್ಕು.

ಅದರ ಪ್ರಕಾರ ಮಾತಿಯ ಜೀವನ:
ಕುದುರೆಗಳ್ಳ: ಕುರುಚಲು, ಕಪ್ಪು.
ಕುರುಡ ಖಾಜಿ: ಎದೆಮಟ್ಟ, ಬಿಳಿ, ಎಡಕ್ಕೆ ಸ್ವಲ್ಪ ಹರಿದದ್ದು.
ಬಂಟ, ದೂತ, ಮತ್ತೂ ದೂತ,
ಖಲೀಫನ ಬಾಗಿಲಲ್ಲಿ ವಿಷ ಕುಡಿಯುವ ಕವಿ.
ಮೂರನೆಯ ಕಂತು ದಾಟಿ ಬದುಕಿದ್ದು ಒಮ್ಮೆ ಮಾತ್ರ,
ಅದೂ ನಿರ್ಮಾಪಕನ ಲೆಕ್ಕ ತಪ್ಪಿ.
ರಮಝಾನಿನ ತಿಂಗಳು ಇಡೀ ಊರು ಇಫ್ತಾರ್ ಮುಗಿಸಿ
ಅವನು ಸಾಯುವುದನ್ನು ನೋಡುತ್ತಿತ್ತು.

ನೋಟ್‌ಬುಕ್ಕಿನಲ್ಲಿ ಇಲ್ಲದ್ದು, ಅಂಟು ಒಣಗುವಾಗ ಹೇಳಿದ್ದು.
(ಆಗ ತುಟಿ ಅಲ್ಲಾಡಿಸಬಾರದು. ಅವನು ಅಲ್ಲಾಡಿಸುತ್ತಿದ್ದ.)
ಸಾಫಿ ಎಂಬ ಊರು. ಅಮ್ಮ ಮೀನು ಡಬ್ಬಿಯ ಕಾರ್ಖಾನೆಯಲ್ಲಿ;
ಬೂತಾಯಿ, ನಮ್ಮದೇ ಬೂತಾಯಿ, ತಲೆ ಚಿವುಟಿ ಸಾಲಿಡುವ ಕೆಲಸ.
ಸೈರನ್ ಕೂಗಿದರೆ ನಡುರಾತ್ರಿಯೂ ಹೆಂಗಸರು ಓಡಬೇಕು.
ಮೇಸ್ತ್ರಿ ಕುಂಟುವುದನ್ನು ಏಳು ವರ್ಷದ ಇವನು ಆಡಿ ತೋರಿಸಿದ.
ಹೆಂಗಸರು ನಕ್ಕರು, ಅಮ್ಮನ ಅರ್ಧ ದಿನದ ಕೂಲಿ ಹೋಯಿತು.
"ನನ್ನ ಮೊದಲ ನಾಟಕ, ಟಿಕೆಟ್ಟಿನ ದುಡ್ಡು ಅಮ್ಮನದು" ಎನ್ನುತ್ತಿದ್ದ.

ಮತ್ತೆ ಕಾಸಾಬ್ಲಾಂಕಾ. ಹವ್ಯಾಸಿ ತಂಡ, ಶಾಲೆಯ ಬೆಂಚು ಜೋಡಿಸಿದ ರಂಗ.
ಅಲ್ಲಿ ಅವನು ಕಂಡಕ್ಟರ್, ವಿಧವೆ, ಅಗಸನ ಕತ್ತೆ,
ಎಲ್ಲವೂ ಮನೆಮಾತಿನಲ್ಲಿ.
ಒಂದು ಸಿನಿಮಾ; ಅವನೇ ನಾಯಕ; ಒಂಬತ್ತು ದಿನ ಓಡಿತು.
ರೀಲು ಎಲ್ಲಿದೆಯೋ ಯಾರಿಗೂ ತಿಳಿಯದು.
ಪೋಸ್ಟರಿನ ಮೂಲೆಯೊಂದು ಪರ್ಸಿನಲ್ಲಿತ್ತು:
ಒಂದು ಕಿವಿ, ಅರ್ಧ ಮೀಸೆ, ಹೆಸರಿನ ಕೊನೆಯ ಅಕ್ಷರ.

ಇಲ್ಲಿ ಅವನ ಅರಬ್ಬಿ ಅರಬರಿಗೇ ತಿಳಿಯದು.
"ಏನಯ್ಯಾ, ಹುರಿಗಡಲೆ ಅಗಿದ ಹಾಗೆ!" ಎಂದ ಡೈರೆಕ್ಟರು.
ಗ್ರಂಥದ ಭಾಷೆಯಲ್ಲೇ ಆಡಿದ; ಅದರಲ್ಲೂ ಸಾಫಿ ಇಣುಕುತ್ತದೆಂದು
ಬಾಯಿ ಇವನದಿಟ್ಟು
ದಮಾಸ್ಕಸಿನವನೊಬ್ಬನ ಸ್ವರ ತುಂಬಿಸಿದರು.

ನಾನು ಹೇಳಿದೆ: ನಮ್ಮಲ್ಲಿ ಮನೆಗೆ ತುಳು, ಕಾಗದಕ್ಕೆ ಕನ್ನಡ.
ಕಣ್ಣು ಮುಚ್ಚಿದ್ದವನು ಒಂದು ಕಣ್ಣು ತೆರೆದ.
"ಅಮ್ಮ ಸತ್ತರೆ ಯಾವುದರಲ್ಲಿ ಅಳುತ್ತೀ?"
ಅಂಟಿನ ಬಾಟಲಿ ಹುಡುಕುವ ನೆವದಲ್ಲಿ ತಿರುಗಿದೆ.
ಬಾಟಲಿ ಕೈಯಲ್ಲೇ ಇತ್ತು.

ಕೊನೆಯ ಗಡ್ಡ, ಪುಟ ನೂರಾ ಹನ್ನೆರಡು: ಮುದಿ ನಾವಿಕ, ನರೆ ಬೆರೆತದ್ದು.
ಹೊರಗೆ ಐವತ್ತು ಡಿಗ್ರಿ, ಧೂಳು; ಬೆವರಿಗೆ ಅಂಟು ನಿಲ್ಲದು.
ಪತ್ತೆಮಾರಿಯ ಹಲಗೆಯ ಮೇಲೆ ಸಾಯಬೇಕು, ಎಂದಿನಂತೆ.
ಬರೆದುಕೊಟ್ಟ ಸಾಲು ಬಿಟ್ಟು
ಅವನು ಬೇರೇನೋ ಹೇಳಿದ, ಗಡಗಡ, ಸ್ವರಗಳನ್ನೆಲ್ಲ ನುಂಗಿ.
ಲೈಟು ಹಿಡಿದ ಹುಡುಗರು, ಪೇಶಾವರದವರು, ಕಣ್ಣೂರಿನವರು,
ಅರ್ಥವಾದವರ ಹಾಗೆ ಸುಮ್ಮನಾದರು.
"ಪರವಾಗಿಲ್ಲ, ಮೇಲೆ ಸ್ವರ ಹಾಕ್ತೇವೆ" ಎಂದ ಡೈರೆಕ್ಟರು.
ಹಾಕಿದರು.

ಪೆಟ್ಟಿಗೆ ಕಳಿಸಲು ನಲವತ್ತು ಜನ ಹತ್ತತ್ತು ದಿನಾರು ಕೂಡಿಸಿದೆವು.
ಆಸ್ಪತ್ರೆಯಲ್ಲಿ ನಾನು ನೋಡಿದ್ದು ಗದ್ದವನ್ನೇ:
ಮೂರು ದಿನದ ಕುರುಚಲು, ಬಿಳಿ, ಅವನದೇ.
ಅದನ್ನು ಬರೆದಿಟ್ಟಿಲ್ಲ.

ಮರುಪ್ರಸಾರ ಬಂದರೆ ಟಿವಿಯ ಸ್ವರ ತೆಗೆದುಬಿಡುತ್ತೇನೆ.
ಮೀಸೆಯ ಎಡ ತುದಿ ಬಿಟ್ಟುಕೊಂಡಿದೆ, ತಪ್ಪು ನನ್ನದು.
ಮುದಿ ನಾವಿಕ ಹಲಗೆಯವರೆಗೆ ನಡೆದು ಬರುತ್ತಾನೆ,
ಬಲಗಾಲು ಎಳೆಯುತ್ತ, ಕುಂಟುತ್ತ.
ಕುಂಟು ಯಾರೂ ಬರೆದುಕೊಟ್ಟಿರಲಿಲ್ಲ.
ಕೋಣೆಯಲ್ಲಿ ಒಬ್ಬನೇ ನಗುತ್ತೇನೆ,
ಯಾರದೋ ಅರ್ಧ ದಿನದ ಕೂಲಿ ಹೋಗುವಷ್ಟು.