ನಿಂಬೆ ಹಿಂಡುವ ಮುನ್ನ

ಟಿಯೋಟಿಟ್ಲಾನಿನಲ್ಲಿ ಬೆಳಗಿನ ಒಂಬತ್ತಕ್ಕೇ
ಅಂಗಳದ ನೆಲ ಕಾದಿತ್ತು.
ಫೌಸ್ತಾ ಲಾಸೊ ಹಂಡೆಯಿಂದ ಎತ್ತಿದ ನೂಲನ್ನು
ಕೋಲಿನ ಮೇಲೆ ಹರವಿದಳು. ಕೆಂಪು
ತೊಟ್ಟಿಕ್ಕಿತು; ನಾಯಿ ಬಂದು ಮೂಸಿ ಹೋಯಿತು.
ನಾನು ಕ್ಲಿಕ್ಕಿಸಿದ್ದು ನಲವತ್ತೊಂದು ಸಲ.

ನೂಲೂ ಹಸಿ, ಫೈಲೂ ಹಸಿ.
ಸೆನ್ಸರ್ ಕಂಡದ್ದನ್ನು ಕಂಡ ಹಾಗೇ
ಬೇಯಿಸದೆ, ಒಗ್ಗರಣೆ ಹಾಕದೆ ಕಟ್ಟಿಕೊಟ್ಟ ಬುತ್ತಿ.
ಬಿಚ್ಚಲಿಕ್ಕೊಂದು ಸಾಫ್ಟ್‌ವೇರ್ ಬೇಕು.
ಯಾವುದು ಎನ್ನುವುದರಲ್ಲೇ ಒಂದು ತಿಂಗಳು ಹೋಯಿತು.

ಒಂದು, ಬಾಡಿಗೆಯದು.
ತಿಂಗಳು ತಿಂಗಳು ಕಾಸು ಎಣಿಸಬೇಕು, ತಪ್ಪಿದರೆ
ನಾನು ತಿದ್ದಿದ್ದೆಲ್ಲ ಅದರ ಮನೆಯೊಳಗೆ,
ನಾನು ಬೀದಿಯಲ್ಲಿ.
ಸೋದರತ್ತೆ ಎರ್ಮೆಲಿಂಡಾ ಓಹಾಕಾ ಪೇಟೆಯಲ್ಲಿ
ಹೊಲಿಗೆ ಯಂತ್ರವನ್ನು ಹೀಗೇ ಬಾಡಿಗೆಗೆ ತಂದು
ಅದರ ಬೆಲೆಯ ಮೂರು ಪಟ್ಟು ಕಟ್ಟಿದ್ದಳು.
ಕೊನೆಗೆ ಅವರೇ ಬಂದು ಹೊತ್ತುಕೊಂಡು ಹೋದರು,
ಸೂಜಿಯಲ್ಲಿ ದಾರ ಇದ್ದ ಹಾಗೇ.

ಇನ್ನೊಂದಕ್ಕೆ ಒಮ್ಮೆ ಕೊಟ್ಟರೆ ಮುಗಿಯಿತು.
ಆದರೆ ನನ್ನ ಲ್ಯಾಪ್‌ಟಾಪು ಅದನ್ನು ಹೊರಲಾರದು.
ಒಂದು ನೆರಳನ್ನು ತುಸು ಎತ್ತು ಅಂದರೆ
ಫ್ಯಾನು ಏದುಸಿರು ಬಿಡುತ್ತದೆ,
ಕಾಫಿ ಕಾಸಿ ಕುಡಿದು, ಲೋಟ ತೊಳೆದಿಟ್ಟು ಬಂದರೂ
ಚಕ್ರ ತಿರುಗುತ್ತಲೇ ಇರುತ್ತದೆ.
ಮೂವತ್ತು ದಿನ ಪುಕ್ಕಟೆ. ಮೂವತ್ತೊಂದನೆಯ ದಿನ
ಪ್ರತಿ ಚಿತ್ರದ ಎದೆಯ ಮೇಲೂ
ತನ್ನ ಹೆಸರಿನ ಹಚ್ಚೆ ಹೊಯ್ದಿತು.

ಮೂರನೆಯದು ಬಿಟ್ಟಿ. ಯಾರೋ ಪುಣ್ಯಾತ್ಮರು
ರಾತ್ರಿಯೆಲ್ಲ ಕೂತು ಬರೆದು,
ಕೆರೆ ಕಟ್ಟಿಸಿ ಬಿಟ್ಟ ಹಾಗೆ ಲೋಕಕ್ಕೆ ಬಿಟ್ಟದ್ದು.
ಗುಂಡಿಗಳೋ, ಎಣಿಸಿದರೆ ಎಪ್ಪತ್ತು;
ಒಂದೇ ಕೆಲಸಕ್ಕೆ ನಾಲ್ಕು ಹೆಸರು.
ತೆರೆದ ಕೂಡಲೆ ಚಿತ್ರ ಎಷ್ಟು ಸಪ್ಪೆ ಎಂದರೆ
ಜ್ವರ ಬಿಟ್ಟ ಮಗುವಿನ ಮುಖ.

ಅಳೆದೂ ಸುರಿದೂ ಸಾಕಾಗಿ, ಒಂದೇ ಫೈಲನ್ನು
ಮೂರರಲ್ಲೂ ತೆರೆದು ಒಯ್ದೆ,
ಮಗ್ಗದ ಪಕ್ಕ, ಬಿಸಿಲು ಬಾರದ ಕಡೆ ಇಟ್ಟೆ.
ಫೌಸ್ತಾ ಕೈ ಒರೆಸಿಕೊಂಡಳು.
ಉಗುರ ಸಂದಿಯದು ಹೋಗುವ ಕೆಂಪಲ್ಲ.

ಮೊದಲನೆಯದಕ್ಕೆ ಬೆರಳಿಟ್ಟು,
"ಇವನು ನಿಂಬೆ ಜಾಸ್ತಿ ಹಿಂಡಿದ್ದಾನೆ,
ಕಿತ್ತಳೆಗೆ ತಿರುಗಿದೆ."
ಎರಡನೆಯದು: "ಇಲ್ಲಿ ಬೂದಿ ಬಿದ್ದಿದೆ, ನೇರಳೆ ಹೊಡೆಯುತ್ತದೆ.
ಚೆಂದವೇ. ನನ್ನದಲ್ಲ."
ನಾನು ವೈಟ್ ಬ್ಯಾಲೆನ್ಸು, ಪ್ರೊಫೈಲು ಎಂದು ಶುರು ಮಾಡಿದೆ.
ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ,
ಮೂರನೆಯದರ ಮುಂದೆ ಕೂತುಬಿಟ್ಟಿದ್ದಳು.

"ಇದಕ್ಕೆ ಇನ್ನೂ ಯಾರೂ ಏನೂ ಹಾಕಿಲ್ಲ.
ಪಾಪಾಸುಕಳ್ಳಿಯಿಂದ ಕೆರೆದ ಹುಳುವನ್ನು
ಅರೆದು ಬರೀ ನೀರಿಗೆ ಬಿಟ್ಟಾಗ ಹೀಗೇ.
ಇದನ್ನೇ ಇಟ್ಟುಕೋ.
ನಿಂಬೆ ನಾವು ಹಿಂಡೋಣ."

ನಾನು ಸ್ಲೈಡರ್ ಎಳೆದೆ. "ಇನ್ನೂ. ಇನ್ನೊಂದು ಹನಿ.
ಅಯ್ಯೋ, ಹೆಚ್ಚಾಯಿತು."
ಹಿಂದೆ ತಂದೆ. ಅವಳಿಗೆ ನಂಬಿಕೆ ಬರಲಿಲ್ಲ.
ಹಂಡೆಗೆ ಬಿದ್ದ ಹುಳಿಯನ್ನು ಯಾರು ಹಿಂದೆ ತೆಗೆದಿದ್ದಾರೆ?
ಮೂಲಕ್ಕೆ ಕೈ ಹಚ್ಚುವುದೇ ಇಲ್ಲ, ಎಂದೆ. ಮಾಡಿದ್ದನ್ನೆಲ್ಲ
ಪಕ್ಕದಲ್ಲೊಂದು ಚೀಟಿಯಲ್ಲಿ ಬರೆದಿಡುತ್ತದೆ, ಅಷ್ಟೆ.
"ನಮ್ಮಮ್ಮನೂ ಹಾಗೆ ಬರೆದಿಟ್ಟಿದ್ದರೆ,"
ಎನ್ನುತ್ತ ಎದ್ದು,
ಆ ದಿನದ ನೂಲಿನ ಉಂಡೆ ತಂದು ಸ್ಕ್ರೀನಿಗೆ ಒತ್ತಿ ಹಿಡಿದಳು.

ಅದು ಒಣಗಿ ತಿಂಗಳಾಗಿತ್ತು.
ಸ್ಕ್ರೀನಿನಲ್ಲಿದ್ದದ್ದು ಕೋಲಿನಿಂದ ತೊಟ್ಟಿಕ್ಕುವ ಕೆಂಪು,
ಕೈಯಲ್ಲಿದ್ದದ್ದು ಒಂದು ಮೆಟ್ಟಿಲು ಕೆಳಗೆ.
ಇಬ್ಬರೂ ನೋಡಿದೆವು.
ಹ್ಯಾಂಬರ್ಗಿನ ಅಂಗಡಿಯವನು ಇದನ್ನು
ರೈಲಿನಲ್ಲಿ ನಿಂತು ಫೋನಿನಲ್ಲಿ ನೋಡುತ್ತಾನೆ.
ಅದು ಇನ್ನೊಂದೇ ಕೆಂಪು.

ಸಂಜೆ ಬೆಲೆಪಟ್ಟಿಯ ಲಕೋಟೆಗೆ ಅಂಟು ಹಚ್ಚುವ ಮೊದಲು
ಗೇಣುದ್ದ ನೂಲು ಕತ್ತರಿಸಿ ಒಳಗೆ ಹಾಕಿದಳು.
ನಾನು ಉಳಿದ ನಲವತ್ತು ತೆರೆದೆ.