ಇಪ್ಪತ್ತು ತೆತ್ರಿ

ತಿಂಗಳಿಗೊಮ್ಮೆ ಲಿಫ್ಟಿನ ಡಬ್ಬಿ ಬಿಚ್ಚುವವನು ನಾನು.
ಟಿಬಿಲಿಸಿಯ ಅಂಚಿಗೆ, ಗ್ಲ್ದಾನಿಯಲ್ಲಿ,
ಹನ್ನೊಂದು ಕಟ್ಟಡ, ಹನ್ನೊಂದು ಬೀಗ.
ಮೇಲೇರಲು ಇಪ್ಪತ್ತು ತೆತ್ರಿ. ಇಳಿಯುವುದು ಬಿಟ್ಟಿ.
ನಾಣ್ಯ ಎಣಿಸುತ್ತ ಕೂತರೆ ತಿಳಿಯುತ್ತದೆ
ಯಾವ ಕಟ್ಟಡಕ್ಕೆ ನೆಂಟರು ಬಂದರು,
ಎಲ್ಲಿ ಪಿಂಚಣಿ ತೀರಿತು.
ತೀರಿದ್ದು ಕಿವಿಗೂ ತಿಳಿಯುತ್ತದೆ:
ಇಪ್ಪತ್ತನೇ ತಾರೀಖು ದಾಟಿತೆಂದರೆ
ಮೆಟ್ಟಿಲ ತುಂಬ ಮುದುಕಿಯರ ಏದುಸಿರು.

ಒಂಬತ್ತನೇ ಮಹಡಿಯ ತ್ಸಿಯಾಲಾ.
ಎಪ್ಪತ್ತೆಂಟು. ಹಿಂದೆ ಟ್ರಾಮಿನಲ್ಲಿ ಟಿಕೆಟ್ ಹರಿದು ಕೊಡುತ್ತಿದ್ದಳು.
ಈಗ ಟ್ರಾಮಿಲ್ಲ, ಹಳಿಯೂ ಇಲ್ಲ,
ನಿಂತು ನಿಂತು ಸವೆದ ಮಂಡಿ ಇದೆ.
"ಇಪ್ಪತ್ತು ತೆತ್ರಿಗೆ ಎರಡು ಈರುಳ್ಳಿ ಬರುತ್ತೆ ಕಣೋ ಓತಾರಿ,
ನಿನ್ನ ಡಬ್ಬಿಗೆ ಹಾಕಿದರೆ ಏನು ಬರುತ್ತೆ?"
ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಿಸಿ
ಹತ್ತತೊಡಗುತ್ತಾಳೆ.

ದವಾಖಾನೆಯ ಹೊಸ ಡಾಕ್ಟರು, ಚಿಕ್ಕ ಹುಡುಗಿ,
ಒಂದು ಹಾಳೆ ಕೊಟ್ಟಳಂತೆ:
ದಿನಕ್ಕೆ ಅರ್ಧ ಗಂಟೆ ನಡೆಯಿರಿ,
ಹಸಿರಿರುವ ಕಡೆ, ಮೆತ್ತನೆ ಬೂಟು ಹಾಕಿ.
ಚಿತ್ರದಲ್ಲಿ ನರೆಗೂದಲ ಗಂಡ ಹೆಂಡತಿ ನಗುತ್ತಿದ್ದಾರೆ,
ಹಲ್ಲು ಅಷ್ಟೂ ಇವೆ.
ತ್ಸಿಯಾಲಾ ಅದನ್ನು ನಾಲ್ಕು ಮಡಿಕೆ ಮಡಚಿ
ಕುಂಟುವ ಮೇಜಿನ ಕಾಲಿಗೆ ಒತ್ತು ಕೊಟ್ಟಿದ್ದಾಳೆ.

ಕೆರೆಯೊಂದಿದೆ, ನಿಜ. ಎರಡು ಬಸ್ಸು ಬದಲಿಸಬೇಕು.
ಬೆಳಿಗ್ಗೆ ಅಲ್ಲಿ ಜನ ಕೈಬೀಸಿ ನಡೆಯುತ್ತಾರೆ,
ಎಲ್ಲಿಗೂ ಅಲ್ಲ, ಸುಮ್ಮನೆ.
ಒಂದು ಸಲ ಹೋಗಿ ಬಂದವಳು ಹೇಳಿದಳು:
"ಗಂಡ ಸತ್ತ ಕಪ್ಪುಬಟ್ಟೆ ತೊಟ್ಟುಕೊಂಡು
ಬರಿಗೈಲಿ ನಡೆದರೆ ನೋಡಿದವರು ಏನಂದಾರು?
ಚೀಲವೊಂದಿದ್ದರೆ ಯಾರೂ ಕೇಳಲ್ಲ."
ಅಂದಿನಿಂದ, ಪೇಟೆಗೆ ಹೋಗುವುದಿರಲಿ ಬಿಡಲಿ,
ಅಂಗಳ ಸುತ್ತುವಾಗ ಕೈಯಲ್ಲೊಂದು ಖಾಲಿ ಚೀಲ.

ಐದನೇ ಮಹಡಿಯಲ್ಲಿ ನಾಜಿಬ್ರೋಲಾ
ಮೆಟ್ಟಿಲ ತಿರುವಿಗೆ ಒಂದು ಕುರ್ಚಿ ಹಾಕಿದ್ದಳು.
ಕೂರು ಎಂದವಳಲ್ಲ. ಹಾಕಿದ್ದಳು, ಅಷ್ಟೆ.
ಕಳ್ಳರ ಭಯಕ್ಕೆ ಸರಪಳಿ ಬೇರೆ.
ಇಬ್ಬರೂ ಅಲ್ಲಿ ಸೂರ್ಯಕಾಂತಿ ಬೀಜ ಬಿಡಿಸುತ್ತ
ನನ್ನನ್ನು ಬೈಯುತ್ತಿದ್ದರು.
ಈ ಚಳಿಗಾಲ ನಾಜಿಬ್ರೋಲಾ ಕುತಾಯಿಸಿಗೆ, ಮಗಳ ಮನೆಗೆ.
ಕುರ್ಚಿಯೂ ಲಾರಿ ಹತ್ತಿತು.

ಶುಕ್ರವಾರ ಡಬ್ಬಿ ಬಿಚ್ಚಿದೆ. ಲೆಕ್ಕ ಎಂದಿನಷ್ಟೇ.
ಬೀಜದ ಸಿಪ್ಪೆ ಮಾತ್ರ ಎಲ್ಲೂ ಇಲ್ಲ.
ಕೆಳಗಿನ ರೊಟ್ಟಿಯಂಗಡಿಯವನು ಹೇಳಿದ:
ಹನ್ನೊಂದು ದಿನವಾಯಿತು, ಕಂಡಿಲ್ಲ,
ಪಕ್ಕದ ಹುಡುಗ ರೊಟ್ಟಿ ಒಯ್ಯುತ್ತಾನೆ.
ನಡೆದು ಹತ್ತುವವಳೂ
ಹೊರಗೇ ಬಾರದವಳೂ
ನನ್ನ ಪುಸ್ತಕದಲ್ಲಿ ಒಂದೇ ಸೊನ್ನೆ.

ಮನೆಯಿಂದ ಕುರ್ಚಿ ತಂದೆ.
ಲಿಫ್ಟು ನನಗೆ ಬಿಟ್ಟಿ, ಆದರೆ ಬಾಗಿಲು ಇಕ್ಕಟ್ಟು,
ಕಾಲು ಒಳಗಾದರೆ ಬೆನ್ನು ಹೊರಗೆ.
ಹೊತ್ತೆ.
ಎರಡನೇ ಮಹಡಿ. ಮೂರು. ಕೋಟು ಬಿಚ್ಚಿದೆ.
ಐದರ ತಿರುವಿನಲ್ಲಿ ಇಳಿಸಿ
ನಾನೇ ಮೊದಲು ಕೂತೆ, ಅರವತ್ತನಾಲ್ಕರವನು.

ಮೇಲಿನಿಂದ ಕೂಗು:
"ಯಾರದು, ಅಲ್ಲಿ ತೇಕುತ್ತಿರುವುದು?"

ಉತ್ತರಿಸೋಣವೆಂದರೆ
ಉಸಿರು ಇನ್ನೂ ಮೂರನೇ ಮಹಡಿಯಲ್ಲಿತ್ತು.